ಕಟ್ಟುಸೋರಿನ ಭಾರ

ತಿರುಪ್ಪೂರಿನ ಸಂಬಂಧಿ, ಪಾಪಾತಿಯ ಮಗಳ ಅತ್ತೆ ಜಾನಕಿಯಮ್ಮ ಫೋನಿನಲ್ಲಿ ಮಾತು ಎಳೆಯಲಿಲ್ಲ.

"ನಿವೇತಾನ ಕಳ್ಸಾದಿಲ್ಲ ಅಂತ ನಾವು ಹೇಳ್ತಿಲ್ಲ. ಮೊದಲ ಹೆರಿಗೆ ತಾಯಿಮನೇಲೇ ಆಗ್ಬೇಕು, ಸರಿ. ಆದ್ರೆ ನಿಮ್ಮ ತೋಟದ ಇಟ್ಟೇರೀಲಿ ಹೊಟ್ಟೇಲಿ ಕೂಸು ಇಟ್ಕೊಂಡು ಯಾರು ಓಗ್ತಾರೆ? ಕುಲುಕದಂಥ ಕಾರು ತಂದ್ರೆ ಕಳಿಸ್ತೀವಿ. ಇಲ್ಲಾಂದ್ರೆ ಎಲ್ಲ ಇಲ್ಲೇ ಆಗ್ಲಿ."

"ಆಮಾಂಗ, ಆಮಾಂಗ" ಎಂದು ಹೂಂಗುಟ್ಟುತ್ತಲೇ ಪಾಪಾತಿ ಫೋನ್ ಇಟ್ಟಳು. ಇಟ್ಟ ಮೇಲೆ ಅಡಿಗೆಮನೆಯ ಕಡೆ ನೋಡಿದಳು. ಅಲ್ಲಿ ಸೊಸೆ ಸುಗನ್ಯಾ ಗ್ರೈಂಡರಿನಿಂದ ದೋಸೆಹಿಟ್ಟು ಬಳಿದು ಪಾತ್ರೆಗೆ ಹಾಕುತ್ತಿದ್ದಳು. ಜಾನಕಿಯಮ್ಮನ ಗಂಟಲು ಬನಿಯನ್ ಫ್ಯಾಕ್ಟರಿಯ ಮಿಷನ್ನುಗಳ ನಡುವೆ ಕೂಗಿ ಕೂಗಿ ಪಳಗಿದ್ದು; ಅವಳ ಮಾತು ಸುಗನ್ಯಾಗೂ ಪೂರ್ತಿ ಕೇಳಿಸಿತ್ತು. ಆದರೂ ಅವಳು ತಲೆ ಎತ್ತಲಿಲ್ಲ.

ಜಾನಕಿಯಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾರಮಡೈ ದಾಟಿ ಮೆಟ್ಟುಪಾಳ್ಯಂ ಕಡೆಗೆ ಹೋಗುವ ಟಾರ್ ರೋಡಿನಿಂದ ಪಾಪಾತಿಯ ಗಂಡ ಕರುಪ್ಪಸಾಮಿಯ ಕರಿಬೇವಿನ ತೋಟಕ್ಕೆ ತಿರುಗುವ ಇಟ್ಟೇರಿ ಎರಡು ಕಡೆ ಕಳ್ಳಿಬೇಲಿಯ ನಡುವಿನ ಹಳೆಯ ಗಾಡಿದಾರಿ. ಟ್ರ್ಯಾಕ್ಟರುಗಳು ಓಡಾಡಿ ಅದರ ಎರಡು ಪಕ್ಕ ಕಾಲುವೆಯಾಗಿ, ನಡುವೆ ದಿಬ್ಬವೆದ್ದಿತ್ತು. ಅರ್ಧ ದಾರಿಯಲ್ಲಿ ನೆಲದಿಂದ ಎದ್ದ ಒಂದು ಬಂಡೆ. ಮಲಗಿದ ಎಮ್ಮೆಯ ಬೆನ್ನಿನ ಹಾಗಿದ್ದುದರಿಂದ ಎಲ್ಲರೂ ಅದನ್ನು ಎಮ್ಮೆಪಾರೆ ಎನ್ನುತ್ತಿದ್ದರು. ಇಟ್ಟೇರಿ ನಾಲ್ಕು ತೋಟದವರಿಗೂ ಸೇರಿದ್ದು, ಆದ್ದರಿಂದ ಯಾರಿಗೂ ಸೇರಿದ್ದಲ್ಲ. ಮಣ್ಣು ಹೊಡೆಸೋಣ ಎಂದಾಗಲೆಲ್ಲ ಪಕ್ಕದ ತೋಟದ ಬೆಳ್ಳಿಯಪ್ಪ, "ಮೊದ್ಲು ನಿಮ್ಮ ಬೇಲಿ ಒಂದು ಮೊಳ ಹಿಂದೆ ತಗೊಳ್ಳಿ" ಎನ್ನುತ್ತಿದ್ದ. ಬೇಲಿಯೂ ಸರಿಯಲಿಲ್ಲ, ಮಣ್ಣೂ ಬೀಳಲಿಲ್ಲ.

ಅವತ್ತು ರಾತ್ರಿಯ ಊಟಕ್ಕೆ ರಾಗಿ ಕಳಿ, ಹುರುಳಿಕಾಳಿನ ಸಾರು. ಮಗ ಮೋಹನ್ ರಾಜ್ ಮೊದಲ ತುತ್ತಿಗೇ ವಿಷಯ ತೆಗೆದ. "ಹೆಂಗೂ ಕಾರು ತೆಗೀಬೇಕು ಅಂತಿದ್ವಿ. ಈಗ್ಲೇ ತೆಗೆಯೋಣ. ಉದ್ದಂದು, ಹಿಂದೆ ದೊಡ್ಡ ಡಿಕ್ಕಿ ಇರೋದು. ಅಲಾಯ್ ವೀಲು ಹಾಕ್ಸಿದ್ರೆ ತಿರುಪ್ಪೂರಲ್ಲಿ ನಿಲ್ಸೋಕೆ ನಲ್ಲಾ ಇರುತ್ತೆ, ಚೆಂದ ಕಾಣುತ್ತೆ."

"ತಿರುಪ್ಪೂರಲ್ಲಿ ನಿಲ್ಸೋಕೆ ಸರಿ. ನಮ್ಮ ಎಮ್ಮೆಪಾರೆ ಮೇಲೂ ಅಲ್ಲೇ ನಿಂತ್ಕೊಳ್ಳುತ್ತೆ" ಎಂದ ಕರುಪ್ಪಸಾಮಿ. "ಜೀಪು ತೆಗಿ. ಕಾಡಿಲಾಖೆಯೋರು ಓಡಾಡ್ತಾರಲ್ಲ, ಅಂಥದ್ದು."

"ಬಸುರಿಗೆ ಕಟ್ಟುಸೋರಿನ ಬುತ್ತಿ ತಗೊಂಡು ಜೀಪಲ್ಲಿ ಓಗೋದಾ ಅಪ್ಪ? ಸಂಬಂಧಿ ಮನೆ ಮುಂದೆ ಆನೆ ಓಡ್ಸೋಕೆ ಬಂದೋರ ತರ ಇಳಿಯೋದಾ?"

"ಆನೆ ಓಡ್ಸೋಕೆ ಬಂದೋರಿಗೂ ಊಟ ಹಾಕ್ತಾರೆ ಬಿಡು."

"ಜೀಪು ಎತ್ತರ ಆಗುತ್ತೆ, ಪೊಣ್ಣು ನಿವೇತಾ ಹೆಂಗೆ ಹತ್ತುತ್ತೆ?" ಎಂದಳು ಪಾಪಾತಿ. "ಏಳು ತಿಂಗಳ ಹೊಟ್ಟೆ. ಒಂದು ಗುಂಡೀಗೆ ಎತ್ತಾಕಿದ್ರೆ ಏನಾಗಾದು?"

ಕಳಿಯ ಮುದ್ದೆ ಬಡಿಸುತ್ತಿದ್ದ ಸುಗನ್ಯಾಳ ಕೈ ನಿಂತಿತು. "ಈ ದಾರೀಗೆ ಗುಂಡಿ ಈಗ ಬಂತಾ ಅತ್ತೆ?"

ಸುಗನ್ಯಾಳ ಐದು ವರ್ಷದ ಮಗಳು ಜನನಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಸಾರಿಗೆ ಬೆರಳದ್ದಿದಳು.

"ಹಳೇದನ್ನ ಈಗ ಯಾಕೆ ತೆಗೀತೀಯೆ?" ಎಂದು ಪಾಪಾತಿ ತಟ್ಟೆ ತೆಗೆದುಕೊಂಡು ಎದ್ದಳು.

ಹಳೆಯದು ಅಂಥ ಹಳೆಯದೇನೂ ಅಲ್ಲ, ಎರಡು ವರ್ಷದ ಹಿಂದಿನದು. ಮೊದಲ ಬಸುರಿನಲ್ಲಿ ಏಳನೇ ತಿಂಗಳಿಗೆ ಅವಿನಾಶಿಯ ತಾಯಿಮನೆಯವರು ಬಂದು ಸುಗನ್ಯಾಳನ್ನು ಕರೆದೊಯ್ದಿದ್ದರು. ಎರಡನೆಯದಕ್ಕೆ ಆ ಸಂಭ್ರಮವೆಲ್ಲ ಇಲ್ಲ. ಬೆಳಿಗ್ಗೆ ಸಂಜೆ ಎಕ್ಸೆಲ್ ಮೊಪೆಡ್ಡಿನ ಎರಡು ಕಡೆ ಹಾಲಿನ ಕ್ಯಾನು ತೂಗಿಹಾಕಿಕೊಂಡು ಸೊಸೈಟಿಗೆ ಹೋಗುವುದು ಅವಳ ಕೆಲಸ. ಬಸುರಿಯಾದರೂ ಆ ಕೆಲಸ ಬೇರೆಯವರಿಗೆ ಹೋಗಲಿಲ್ಲ. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎಮ್ಮೆಪಾರೆಯ ಹತ್ತಿರ ಗಾಡಿ ನಿಲ್ಲಿಸಿ ಕೂತವಳು ತಾನಾಗಿ ಏಳಲಿಲ್ಲ. ಕೂಸು ಉಳಿಯಲಿಲ್ಲ. ಇದಕ್ಕೆ ನೂರು ಕಾರಣ ಇರುತ್ತೆ, ಇದೇ ಅಂತ ಹೇಳೋಕಾಗಲ್ಲ ಎಂದರು ಡಾಕ್ಟರಮ್ಮ. ಮನೆಯಲ್ಲಿ ಮಾತ್ರ ಒಂದೇ ಕಾರಣ ಸಿಕ್ಕಿತು. ಹಿಂದಿನ ವಾರ ಬಾವಿ ಪಕ್ಕದ ಗಿಡದ ಪಪ್ಪಾಯಿಯ ಒಂದು ಹೋಳನ್ನು ಸುಗನ್ಯಾ ತಿಂದಿದ್ದಳು. ಪಾಪಾತಿ ಅದನ್ನು ನೆನೆಸಿಕೊಂಡು ಹೇಳಿದಳು, ನೋಡಲು ಬಂದ ನಂಟರೆಲ್ಲ ಹೇಳಿದರು. ಅಂದಿನಿಂದ ಸುಗನ್ಯಾ ಆ ಹಣ್ಣು ಮುಟ್ಟಿಲ್ಲ. ಗಿಡ ಮಾತ್ರ ತನ್ನ ಪಾಡಿಗೆ ತಾನು ಕಾಯಿ ಬಿಡುತ್ತಿತ್ತು. ಅವಳಿಲ್ಲದ ಹೊತ್ತಿನಲ್ಲಿ ತಾತ ಮೊಮ್ಮಗಳು ಕಿತ್ತು ತಿಂದು ಸಿಪ್ಪೆಯನ್ನು ದನಕ್ಕೆ ಹಾಕುತ್ತಿದ್ದರು.

ಊರೆಲ್ಲ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈಗ ಮನೆಮಂದಿಯೆಲ್ಲ ದಿನಾ ಗುಂಡಿಯ ಆಳ, ಕುಲುಕಾಟದ ಜೋರು ಮಾತಾಡುವುದನ್ನು ಕೇಳುವಾಗ ಸುಗನ್ಯಾಳ ಹೊಟ್ಟೆ ಉರಿಯುತ್ತಿತ್ತು. ನಿವೇತಾಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ತಲೆ ಬಾಚಿದವಳು ಆ ನಾದಿನಿಯೊಬ್ಬಳೇ. ಅವಳು ಬರಬೇಕು, ಈ ಮನೆಯಲ್ಲೇ ಹೆರಬೇಕು ಎಂಬ ಆಸೆ ಸುಗನ್ಯಾಗೂ ಇತ್ತು. ಆದರೆ ತನ್ನ ಪಾಲಿಗೆ ಇಲ್ಲದಿದ್ದ ಗುಂಡಿ ಅವಳ ಪಾಲಿಗೆ ಹೇಗೆ ಬಂತು ಎಂದು ಯಾರಾದರೂ ಒಂದು ಸಲ ಹೇಳಬೇಕಿತ್ತು.

ಮರುವಾರ ಕರುಪ್ಪಸಾಮಿ ತನ್ನ ಊರುಗೋಲು ಹಿಡಿದು ಎಮ್ಮೆಪಾರೆಗೆ ಹೋದ. ಕಾಲುವೆಯಲ್ಲಿ ಕೋಲು ನಿಲ್ಲಿಸಿ, ಬಂಡೆಯ ನೆತ್ತಿ ಎಲ್ಲಿಗೆ ಬರುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆದ. ಅದೇ ಕೋಲಿನೊಂದಿಗೆ ಎಲ್ಲರೂ ಬಸ್ಸು ಹತ್ತಿ ಕೊಯಮತ್ತೂರಿನ ಷೋರೂಮುಗಳಿಗೆ ಹೋದರು. ಕಾರಿನ ಬೆಲೆ, ಬಣ್ಣ, ಹಾಡಿನ ಪೆಟ್ಟಿಗೆ ಯಾವುದನ್ನೂ ಮುದುಕ ಕೇಳಲಿಲ್ಲ. ಪ್ರತಿ ಕಾರಿನ ಮುಂದೂ ಮಂಡಿಯೂರಿ, ಹೊಟ್ಟೆಯ ಅಂಚಿಗೆ ತಾಗಿಸಿ ಕೋಲು ನಿಲ್ಲಿಸಿ, ಗೆರೆ ನೋಡಿ, "ಆಗಲ್ಲ" ಎಂದು ಏಳುತ್ತಿದ್ದ. ಟೈ ಕಟ್ಟಿದ ಹುಡುಗರು ಅಕ್ಕಪಕ್ಕ ನಿಂತು ನಗು ನುಂಗಿಕೊಂಡರು. ಮೋಹನ್ ರಾಜ್ ಕಣ್ಣಿಟ್ಟಿದ್ದ ಉದ್ದನೆಯ ಬಿಳಿ ಕಾರಿನ ಹೊಟ್ಟೆ ಗೆರೆಗಿಂತ ಕೆಳಗಿತ್ತು; ಅವನು ಕೋಲನ್ನು ವಾಲಿಸಿದ.

"ಸ್ವಲ್ಪ ವಾಲಿಸಿದ್ರೆ ಇದೂ ಆಗುತ್ತೆ ಅಪ್ಪ!"

"ಬಂಡೇನ ವಾಲಿಸೋಕಾದ್ರೆ ಇದನ್ನೇ ತಗೋ."

ಕೊನೆಗೆ ಮೋಟು ಬಾಲದ, ಸ್ವಲ್ಪ ಎತ್ತರದ ಒಂದು ಬೂದುಬಣ್ಣದ ಕಾರಿನ ಕೆಳಗೆ ಕೋಲಿನ ಗೆರೆ ಸಲೀಸಾಗಿ ದಾಟಿ ಎರಡು ಬೆರಳು ಜಾಗ ಉಳಿಯಿತು. ಕರುಪ್ಪಸಾಮಿ ಮೀಸೆ ತಿರುವಿದ. ಆದರೆ ಪಾಪಾತಿಯದು ಇನ್ನೂ ಮುಗಿದಿರಲಿಲ್ಲ.

"ಸುಗನ್ಯಾ, ನೀನು ಹತ್ತಿ ಇಳ್ದು ತೋರ್ಸು. ಏಳು ತಿಂಗಳಾದ್ರೆ ಹೆಂಗೆ ಹತ್ತಬೇಕು, ನಿನಗೆ ಗೊತ್ತಲ್ಲ."

ಸುಗನ್ಯಾ ಅತ್ತೆಯ ಮುಖ ನೋಡಿದಳು. ಅದರಲ್ಲಿ ಕುಹಕವೇನೂ ಇರಲಿಲ್ಲ. ಮಗಳ ಚಿಂತೆ ಬಿಟ್ಟು ಬೇರೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ನೋಯಿಸಿತು. ಅವಳು ಹಿಂದಿನ ಬಾಗಿಲು ತೆಗೆದು, ಒಂದು ಕೈಯಲ್ಲಿ ಹಿಡಿ ಹಿಡಿದು ಹತ್ತಿದಳು. ಇನ್ನೊಂದು ಕೈ ತಾನಾಗಿ ಹೊಟ್ಟೆಯ ಕೆಳಗೆ ಹೋಯಿತು. ಅದನ್ನು ಅವಳು ಇಳಿಯುವಾಗ ಗಮನಿಸಿದಳು.

"ಹತ್ಬಹುದು" ಎಂದಳು.

ಕಾರು ಮನೆಗೆ ಬರುವ ಮೊದಲೇ ಟೈರಿನ ಜಗಳ ಬಂತು. ಷೋರೂಮಿನವರು ಹಾಕಿಕೊಡುವ ಟೈರು ಮುಳ್ಳಿನ ದಾರಿಗೆ ತಡೆಯುವುದಿಲ್ಲ, ಬದಲಾಯಿಸಬೇಕೆಂಬುದರಲ್ಲಿ ಎಲ್ಲರದೂ ಒಂದೇ ಮಾತು. ಯಾವುದಕ್ಕೆ ಬದಲಾಯಿಸುವುದೆಂದರೆ ಮಾತ್ರ ಮೂರು ಬಾಯಿ. ಮೆಟ್ಟುಪಾಳ್ಯದಲ್ಲಿ ಮಾಯಣ್ಣನ ಟೈರಂಗಡಿಯ ಮುಂದೆ ನಿಂತು ಕರುಪ್ಪಸಾಮಿ, ಟ್ರ್ಯಾಕ್ಟರಿನಂಥ ದಪ್ಪ ಹಲ್ಲಿನದು ಬೇಕೆಂದ. ಮೋಹನ್ ರಾಜ್ ದೊಡ್ಡ ಅಲಾಯ್ ಚಕ್ರಕ್ಕೆ ತೆಳ್ಳಗೆ ಸುತ್ತಿದ ಟೈರನ್ನು ತಡವಿಕೊಂಡು ನಿಂತ. ಮಾಯಣ್ಣ ವ್ಯಾಪಾರಿ. ಯಾವುದು ಕೇಳಿದರೂ "ಆಕ್ಬಹುದು ಸಾಮಿ, ತಾರಾಳವಾಗಿ ಆಕ್ಬಹುದು" ಎನ್ನುತ್ತಿದ್ದ.

ಸುಗನ್ಯಾ ಆ ತೆಳು ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಗಂಡನ ಕಡೆ ತಿರುಗಿದಳು. "ಏನುಂಗ, ಇದ್ರಲ್ಲಿ ಚಕ್ರಾನೇ ಜಾಸ್ತಿ, ರಬ್ಬರೇ ಇಲ್ಲ. ಕಲ್ಲಿಗೆ ಬಿದ್ರೆ ಏಟು ಯಾರು ತಡೀತಾರೆ? ಒಳಗೆ ಕೂತೋರ ಬೆನ್ನೇ ತಡೀಬೇಕು."

"ಟೈರಿನ ವಿಷ್ಯ ನಿನಗೇನು ಗೊತ್ತು?"

"ಆ ಇಟ್ಟೇರೀಲಿ ದಿನಾ ಎರಡು ಸಲ ಯಾರು ಓಗಿ ಬರೋದು? ಎಕ್ಸೆಲ್ಲಿಗೆ ಪಂಚರ್ ಹಾಕ್ಸೋದು ಯಾರು? ನೀವು ಕರಿಬೇವು ಆಟೋಗೆ ಏರ್ಸಿ, ಬೈಕಲ್ಲಿ ಹಿಂದೆ ಓಗೋರು."

ಮಾಯಣ್ಣ ಕೆಮ್ಮಿದ. "ಅಮ್ಮ ಹೇಳೋದೂ ಸರೀನೇ. ದೊಡ್ಡ ಚಕ್ರ ನೋಡೋಕೆ ಚೆಂದ."

"ಆಗ್ಲೇ ಯಾಕೆ ಹೇಳ್ಲಿಲ್ಲ?" ಎಂದ ಮೋಹನ್ ರಾಜ್.

"ನೀವು ಕೇಳ್ಲಿಲ್ಲ ಸಾಮಿ."

ಹಲ್ಲಿನ ಟೈರು ತಿರುಪ್ಪೂರಿನವರೆಗೂ ಟಾರ್ ರೋಡಿನಲ್ಲಿ ಊಳಿಡುತ್ತದೆಂದು ತಿಳಿದ ಮೇಲೆ ಕರುಪ್ಪಸಾಮಿಯೂ ಇಳಿದುಬಂದ. ಚಕ್ರ ಕಂಪನಿಯದೇ ಉಳಿಯಿತು. ಅದಕ್ಕೆ ಪಕ್ಕೆ ದಪ್ಪಗಿರುವ, ಮಣ್ಣಿಗೂ ಟಾರಿಗೂ ನಡೆಯುವ ಟೈರು ಬಂತು. ಮೋಹನ್ ರಾಜ್ ಎರಡು ದಿನ ಹೆಂಡತಿಯೊಡನೆ ನೆಟ್ಟಗೆ ಮಾತಾಡಲಿಲ್ಲ. ಮೂರನೇ ದಿನ ಕಾರಿನ ಕೀ ಕೊಟ್ಟು, "ಓಡ್ಸಿ ನೋಡು" ಎಂದ. ಅವಿನಾಶಿಯಲ್ಲಿ ಅಪ್ಪನ ನೂಲಿನ ವ್ಯಾನಿನಲ್ಲಿ ಡ್ರೈವಿಂಗ್ ಕಲಿತವಳು ಸುಗನ್ಯಾ. ಕಾರು ಎಮ್ಮೆಪಾರೆಯನ್ನು ಬೆಣ್ಣೆಯ ಮೇಲಿನ ಚಾಕುವಿನಂತೆ ದಾಟಿತು. ಕರುಪ್ಪಸಾಮಿ ಕೋಲನ್ನು ಎತ್ತಿ ಬೆಳ್ಳಿಯಪ್ಪನ ತೋಟದ ಕಡೆ ಒಮ್ಮೆ ಆಡಿಸಿದ.

ಕಟ್ಟುಸೋರಿನ ದಿನ ಬೆಳಗಿನ ಜಾವದಿಂದ ಒಲೆ ಆರಲಿಲ್ಲ. ಏಳನೇ ತಿಂಗಳಲ್ಲಿ ತಾಯಿಮನೆಯವರು ಬಗೆಬಗೆಯ ಚಿತ್ರಾನ್ನಗಳನ್ನು ಕಟ್ಟಿಕೊಂಡು ಹೋಗಿ, ಮಗಳಿಗೆ ಉಣ್ಣಿಸಿ, ಬಳೆ ತೊಡಿಸಿ ಕರೆತರುವುದು ಇವರ ಪದ್ಧತಿ. ಹುಳಿಸೋರು, ನಿಂಬೆಸೋರು, ತೆಂಗಿನಕಾಯಿ ಸೋರು, ಎಳ್ಳುಸೋರು, ಬೆಲ್ಲದ ಸೋರು, ಮೊಸರುಸೋರು. ಸಂಬಂಧಿಗಳ ಬೀದಿಗೆಲ್ಲ ಹಂಚಿದರೂ ಮಿಗಬೇಕು, ಇಲ್ಲದಿದ್ದರೆ ತಾಯಿಮನೆಗೆ ಮಾನವಿಲ್ಲ. ಹಿತ್ತಾಳೆಯ ತವಲೆಗಳು ಡಿಕ್ಕಿ ತುಂಬಿದವು. ಮಿಕ್ಕವು ಕಾಲಿನ ಹತ್ತಿರ ಬಂದವು. ಮೇಲೆ ಬಾಳೆಗೊನೆ, ತೆಂಗಿನಕಾಯಿ, ಬಳೆಯ ಪೆಟ್ಟಿಗೆ. ಮುಂದೆ ಮೋಹನ್ ರಾಜ್, ಅವನ ಪಕ್ಕ ಕರುಪ್ಪಸಾಮಿ. ಹಿಂದೆ ಪಾಪಾತಿ, ಸುಗನ್ಯಾ, ತೊಡೆಯ ಮೇಲೆ ಜನನಿ, ಜನನಿಯ ತೊಡೆಯ ಮೇಲೆ ಮೊಸರುಸೋರು.

ಎಮ್ಮೆಪಾರೆಯಲ್ಲಿ ಕಾರಿನ ಹೊಟ್ಟೆ ಕರಕರ ಎಂದು ಉಜ್ಜಿ ನಿಂತೇಬಿಟ್ಟಿತು.

"ಕೋಲು!" ಎಂದ ಕರುಪ್ಪಸಾಮಿ. ಇಳಿದು ನೋಡಿದರೆ ಕೋಲಿನ ಗೆರೆ ಕಾರಿನ ಹೊಟ್ಟೆಗಿಂತ ಮೇಲಿತ್ತು. ಮುದುಕ ಕೋಲನ್ನೂ ಕಾರನ್ನೂ ಮತ್ತೆ ಮತ್ತೆ ನೋಡಿದ. "ಷೋರೂಮಲ್ಲಿ ಸರಿ ಇತ್ತಲ್ಲ!"

"ಷೋರೂಮಲ್ಲಿ ಕಾರು ಉಪವಾಸ ಇತ್ತು ಮಾವ" ಎಂದಳು ಸುಗನ್ಯಾ. ಇಷ್ಟು ವಾರ ಅಳೆದವರು, ಒತ್ತಿದವರು, ಜಗಳವಾಡಿದವರು ಯಾರೂ ತುಂಬಿದ ಕಾರನ್ನು ಅಳೆದಿರಲಿಲ್ಲ. ತಾನೂ ಅಳೆದಿರಲಿಲ್ಲವೆಂಬುದು ಅವಳಿಗೆ ಆಮೇಲೆ ಹೊಳೆಯಿತು.

"ಎಲ್ಲ ಇಳೀರಿ" ಎಂದಳು ಪಾಪಾತಿ. "ಮೋಹನಾ, ನೀನೂ ಇಳಿ. ಎರಡು ಮೂಟೆ ಇದ್ದೀಯ. ಸುಗನ್ಯಾ ಓಡಿಸ್ಲಿ."

ತವಲೆಗಳು ತಲೆಗೂ ಸೊಂಟಕ್ಕೂ ಏರಿದವು. ರೇಷ್ಮೆ ಸೀರೆ, ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲರೂ ಟಾರ್ ರೋಡಿನವರೆಗೆ ನಡೆದರು. ಸುಗನ್ಯಾ ಖಾಲಿ ಕಾರನ್ನು ಹಿಂದಕ್ಕೆ ತೆಗೆದು, ಒಂದು ಪಕ್ಕದ ಚಕ್ರ ನಡುವಿನ ದಿಬ್ಬದ ಮೇಲೆ, ಇನ್ನೊಂದು ಪಕ್ಕದ್ದು ಬೇಲಿಯ ಅಂಚಿನ ಮೇಲೆ ಏರಿಸಿ ದಾಟಿಸಿದಳು. ಎಕ್ಸೆಲ್ಲಿನಲ್ಲಿ ಅವಳು ಹೋಗುತ್ತಿದ್ದುದೂ ಅದೇ ಅಂಚಿನಲ್ಲಿ.

ತಿರುಪ್ಪೂರಿನಲ್ಲಿ ಬಳೆ ತೊಡಿಸುವುದೂ ಊಟವೂ ಚೆನ್ನಾಗಿಯೇ ಆಯಿತು. ಜಾನಕಿಯಮ್ಮ ಎಳ್ಳುಸೋರನ್ನು ಎರಡು ಸಲ ಹಾಕಿಸಿಕೊಂಡಳು. ಆದರೆ ಕಾರಿನ ಕೆಳಗಿನ ಗೀರನ್ನೂ ನೋಡಿದಳು. "ನಾವೂ ಹಿಂದೆ ಬರ್ತೀವಿ. ಪೊಣ್ಣು ಮನೆ ಸೇರೋದು ಕಣ್ಣಲ್ಲಿ ನೋಡ್ತೀವಿ. ಆಗ್ಲಿಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಕರ್ಕೊಂಡು ಬರ್ತೀವಿ" ಎಂದು ಮಗ, ನಿವೇತಾಳ ಗಂಡ ಲೋಗನಾಥನ ಕಾರು ಹತ್ತಿದಳು. ಪಾಪಾತಿಯ ಮುಖ ಸಣ್ಣದಾಯಿತು.

ಇಟ್ಟೇರಿಯ ಬಾಯಿಗೆ ಬಂದಾಗ ಇನ್ನೂ ಬಿಸಿಲಿತ್ತು. ಲೋಗನಾಥನ ಕಾರು ಉದ್ದನೆಯದು, ಬೆಳ್ಳಗೆ, ನೆಲಕ್ಕೆ ಅಂಟಿದ ಹಾಗಿತ್ತು. ಅದು ಒಳಗೆ ಬರುವ ಮಾತೇ ಇರಲಿಲ್ಲ. ಮೋಹನ್ ರಾಜ್ ಅದನ್ನೊಮ್ಮೆ ನೋಡಿ, ತನ್ನ ಕಾರಿನಿಂದ ತಾನಾಗಿಯೇ ಇಳಿದು ಹೆಂಡತಿಗೆ ಸೀಟು ಬಿಟ್ಟ. ಪಾತ್ರೆಗಳೆಲ್ಲ ಇಳಿದವು. ಹಿಂದಿನ ಸೀಟಿನಲ್ಲಿ ನಿವೇತಾ ಒಬ್ಬಳೇ ಉಳಿದಳು, ಎರಡು ಕೈ ತುಂಬ ಬಳೆ.

ಸುಗನ್ಯಾ ಮೊದಲ ಗೇರಿನಲ್ಲೇ ಹೊರಟಳು. ಹಿಂದೆ ಎರಡು ಮನೆಯವರೂ ಖಾಲಿ ತವಲೆ, ಉಳಿದ ಬಾಳೆಹಣ್ಣು, ತಾಂಬೂಲದ ಚೀಲ ಹೊತ್ತು ಮೆರವಣಿಗೆಯ ಹಾಗೆ ಬಂದರು. ಪಾಪಾತಿ ಮಾತ್ರ ಕಾರಿನ ಪಕ್ಕದಲ್ಲೇ, ಕಿಟಕಿ ಹಿಡಿದು ನಡೆಯುತ್ತಿದ್ದಳು. "ಮೆದುವಾ, ಮೆಲ್ಲಗೆ ಓಡ್ಸು ಕಣ್ಣು, ತಾಯಿ. ಇಲ್ಲೊಂದು ಗುಂಡಿ. ಅಲ್ಲಿ ಕಲ್ಲು."

"ಗೊತ್ತು ಅತ್ತೆ."

ಕಾರು ಆಡಿತು, ವಾಲಿತು, ಆದರೆ ಎತ್ತಿಹಾಕಲಿಲ್ಲ. ಟೈರು ಕಲ್ಲನ್ನು ಮೆತ್ತಗೆ ನುಂಗಿ ಬಿಡುತ್ತಿತ್ತು. ಬಳೆಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಎಮ್ಮೆಪಾರೆ ದಾಟುವಾಗ ನಿವೇತಾ ಉಸಿರು ಹಿಡಿದು, ದಾಟಿದ ಮೇಲೆ ಬಿಟ್ಟಳು.

"ಅಣ್ಣಿ, ಅವತ್ತು ಇಲ್ಲೇ ಅಲ್ವಾ?" ಎಂದು ಅತ್ತಿಗೆಯನ್ನು ಕೇಳಿದಳು.

"ಆಮಾ, ಇಲ್ಲೇ."

ಹಿಂದಿನಿಂದ ಜಾನಕಿಯಮ್ಮನ ಗಂಟಲು ಕೇಳಿತು. "ಅಯ್ಯೋ ಮುರುಗಾ, ಕಾರಲ್ಲೇ ಹಿಂಗಿದೆ! ಇಂಥಾದ್ರಲ್ಲಿ ಬಸುರಿ ಹೆಂಗಸು ಬೇರೆ ಗಾಡೀಲಿ ಓಗ್ತಿದ್ರೆ ಉಳೀತಾಳಾ?" ಸುಗನ್ಯಾ ಬಸುರಿಯಲ್ಲಿ ಇದೇ ದಾರಿಯಲ್ಲಿ ಹಾಲು ಹೊತ್ತದ್ದು ಅವಳಿಗೆ ಗೊತ್ತಿರಲಿಲ್ಲ, ಸುಮ್ಮನೆ ಹೇಳಿದ್ದಳು. ಕಿಟಕಿ ಹಿಡಿದಿದ್ದ ಪಾಪಾತಿಯ ಕೈ ಜಾರಿತು. ಅವಳು ಆಮೇಲೆ ಗುಂಡಿ ತೋರಿಸಲಿಲ್ಲ. ನೆಲ ನೋಡಿಕೊಂಡು ಮನೆಯವರೆಗೂ ನಡೆದಳು.

ಜಾನಕಿಯಮ್ಮ ಅಂಗಳದಲ್ಲಿ ಕೂತು ನೀರು ಕುಡಿದು, "ಸೊಸೆ ನಲ್ಲಾ ಓಡಿಸ್ತಾಳೆ, ಇರ್ಲಿ ಬಿಡಿ ನಿವೇತಾ ಇಲ್ಲೇ" ಎಂದು ಹೇಳಿ ಮಗನೊಂದಿಗೆ ನಡೆದುಕೊಂಡೇ ಹೊರಟಳು.

ಮರುದಿನ ಬೆಳಿಗ್ಗೆ ಸುಗನ್ಯಾ ಹಾಲು ಕರೆದು ಬರುವಷ್ಟರಲ್ಲಿ ಎಕ್ಸೆಲ್ ಗೋಡೆಗೆ ಒರಗಿಕೊಂಡೇ ಇತ್ತು. ಪಾಪಾತಿ ಖಾಲಿ ಕ್ಯಾನುಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು, ಉರುಳದಂತೆ ಹಳೆಯ ಸೀರೆ ಸುತ್ತುತ್ತಿದ್ದಳು.

ಹಲ್ಲುಜ್ಜುತ್ತಿದ್ದ ಮೋಹನ್ ರಾಜ್ ಬಾಯಿಯ ನೊರೆ ಉಗಿದು ಓಡಿಬಂದ. "ಹೊಸ ಕಾರಲ್ಲಿ ಹಾಲಾ? ಚೆಲ್ಲಿದ್ರೆ ನಾತ ಹಿಡಿಯುತ್ತೆ ಅಮ್ಮ!"

"ಹಿಡೀಲಿ."

"ಎಕ್ಸೆಲ್ ಇದೆಯಲ್ಲ?"

"ಎಕ್ಸೆಲ್ಲಲ್ಲಿ ಇವಳು ಬಸುರೀಲೂ ಹಾಲು ಹೊತ್ಲು. ಆವಾಗ ನಿನಗೂ ಗುಂಡಿ ಕಾಣ್ಲಿಲ್ಲ, ನಿಮ್ಮಪ್ಪಂಗೂ ಕಾಣ್ಲಿಲ್ಲ. ನನಗೆ ಕಂಡಿದ್ದು ಪಪ್ಪಾಳಿ." ಪಾಪಾತಿ ಸೀರೆಯ ಗಂಟು ಬಿಗಿದು ಸೊಸೆಯ ಕಡೆ ತಿರುಗಿದಳು. "ಪಪ್ಪಾಳಿ ಅಂತ ಮೊದ್ಲು ಹೇಳ್ದೋಳು ನಾನೇ. ನೋಡೋಕೆ ಬಂದೋರಿಗೆಲ್ಲ ಹೇಳ್ದೋಳೂ ನಾನೇ."

ಸುಗನ್ಯಾಳ ಕೈಯಲ್ಲಿ ಹಾಲಿನ ಬಕೆಟ್ಟು ಭಾರವಾಗಿತ್ತು. ಇಳಿಸಿದಳು. "ದಾರೀಂದಾನೇ ಅಂತ ಡಾಕ್ಟರಮ್ಮನೂ ಹೇಳ್ಲಿಲ್ಲ ಅತ್ತೆ. ಗೊತ್ತಿಲ್ಲ ಅಂದ್ರು."

"ಓದಿದೋರು ಗೊತ್ತಿಲ್ಲ ಅಂದ್ರು. ನಾನು ಗೊತ್ತು ಅಂದೆ. ಅದೇ ನನ್ನ ತಪ್ಪು, ಕಣ್ಣು." ಪಾಪಾತಿ ಸೀರೆಯ ಗಂಟನ್ನು ಮತ್ತೊಮ್ಮೆ ಎಳೆದಳು. "ನಿನ್ನೆ ನಡ್ಕೊಂಡು ಬರುವಾಗ ಪ್ರತಿ ಗುಂಡೀಲೂ ನಿನ್ನೇ ನೆನೆಸ್ಕೊಂಡೆ."

ಸುಗನ್ಯಾಗೆ ಅಳು ಬಂತು. ಇಷ್ಟು ದಿನ ಕಾದಿದ್ದ ಮಾತು ಬಂದೇಬಿಟ್ಟಿತೆಂಬ ಹಗುರವೂ ಬಂತು. "ಹೊತ್ತಾಗುತ್ತೆ, ಸೊಸೈಟೀಲಿ ಹಾಲು ತಗೊಳ್ಳೋದು ನಿಲ್ಸಿಬಿಡ್ತಾರೆ" ಎಂದು ಕ್ಯಾನಿಗೆ ಹಾಲು ಸುರಿದಳು. ಮೋಹನ್ ರಾಜ್ ಡಿಕ್ಕಿಯ ಬಾಗಿಲು ಹಾಕಿದ.

ಸಂಜೆ ಅವಳು ಬಾವಿಯ ಹತ್ತಿರ ಹೋಗಿ, ಚೆನ್ನಾಗಿ ಹಳದಿಯಾಗಿದ್ದ ಒಂದು ಪಪ್ಪಾಯಿ ಕಿತ್ತು ತಂದಳು. ಜಗಲಿಯಲ್ಲಿ ಕೂತು ಹೋಳು ಮಾಡಿ ತಟ್ಟೆಗೆ ಹಾಕಿದಳು. ಜನನಿ ಕಣ್ಣರಳಿಸಿ, "ಅಮ್ಮ, ನೀನು ತಿಂತೀಯಾ?" ಎಂದು ಕೇಳಿದಳು. ಕರುಪ್ಪಸಾಮಿ ಕಳ್ಳನ ಹಾಗೆ ಬೇರೆ ಕಡೆ ನೋಡಿದ.

"ತಿಂತೀನಿ" ಎಂದು ಸುಗನ್ಯಾ ಒಂದು ಹೋಳು ಬಾಯಿಗಿಟ್ಟಳು.

ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ನಿವೇತಾ ಬಳೆ ಕಿಣಿಗುಟ್ಟಿಸುತ್ತ ತಟ್ಟೆಗೆ ಕೈ ಹಾಕಿದಳು.

"ಏಯ್! ಬೇಡ! ಕೆಳಗಿಡು ಅದನ್ನ!" ಅಡಿಗೆಮನೆಯ ಬಾಗಿಲಿನಿಂದ ಪಾಪಾತಿ ಕೂಗಿದಳು. ಕೂಗಿದ ಮೇಲೆ ತಾನು ಕೂಗಿದ್ದು ಏನೆಂದು ತನಗೇ ತಿಳಿದು, ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಿಂತಳು. ನಿವೇತಾಳ ಕೈಯಲ್ಲಿ ಹೋಳು ಅಲ್ಲೇ ನಿಂತಿತು. ಎಲ್ಲರೂ ಸುಗನ್ಯಾಳ ಮುಖ ನೋಡಿದರು.

ಸುಗನ್ಯಾ ಅತ್ತೆಯ ಗಲ್ಲಕ್ಕೆ ಮೆತ್ತಿದ ಹಿಟ್ಟು ನೋಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರಿಳಿಯಿತು, ಒರೆಸಿಕೊಂಡರೂ ನಿಲ್ಲಲಿಲ್ಲ. ಪಾಪಾತಿಯೂ ಅದೇ ಕೈಯಿಂದ ಕಣ್ಣೊರೆಸಿಕೊಂಡು ನಕ್ಕಳು.

"ಕೊಡು ಕಣ್ಣು," ಎಂದು ಸುಗನ್ಯಾ ನಾದಿನಿಯ ಕೈಯಿಂದ ಹೋಳು ತೆಗೆದುಕೊಂಡಳು. "ಕೂಸು ಬರ್ಲಿ, ಆಮೇಲೆ ತಿನ್ನು. ನಿಮ್ಮಮ್ಮ ಭಯಪಡ್ತಾರೆ."

ಆ ಹೋಳನ್ನೂ ತಾನೇ ತಿಂದಳು. ಹಣ್ಣು ಸಿಹಿಯಾಗಿತ್ತು.